ಏರ್‌ಲೈನ್‌ಸಿಮ್: ಸಾಂಬ್ರಾದಿಂದ ವಿಮಾನ ಕಂಪನಿ ನಡೆಸಿ ನೋಡಿದೆ

ನಮ್ಮ ಮನೆ ಬೆಳಗಾವಿಯಲ್ಲಿ, ಊರಿನ ವಿಮಾನ ನಿಲ್ದಾಣ ಇರುವ ಸಾಂಬ್ರಾದ ರಸ್ತೆಯಿಂದ ಜಾಸ್ತಿ ದೂರ ಇಲ್ಲ. ಚಿಕ್ಕವನಿದ್ದಾಗ ವಿಮಾನದ ಸದ್ದು ಕೇಳಿದರೆ ಸಾಕು, ತಾಟು ಬಿಟ್ಟು ಮಾಳಿಗೆಗೆ ಓಡುತ್ತಿದ್ದೆ. ಆ ಹುಚ್ಚು ಇನ್ನೂ ಹೋಗಿಲ್ಲ. ಹಾಗಾಗಿ ಗೆಳೆಯನೊಬ್ಬ "ವಿಮಾನ ಕಂಪನಿ ನಡೆಸೋ ಆಟ ಒಂದಿದೆ, ನೋಡು" ಅಂದಾಗ ಅವತ್ತೇ ರಾತ್ರಿ ಕೂತೆ. ಆಟದ ಹೆಸರು ಏರ್‌ಲೈನ್‌ಸಿಮ್. ಜರ್ಮನಿಯವರು ಮಾಡಿದ್ದು, ಬ್ರೌಸರ್‌ನಲ್ಲೇ ಆಡುವುದು. ಎಂಟು ತಿಂಗಳಾಯಿತು, ಇನ್ನೂ ಬಿಟ್ಟಿಲ್ಲ. ಆಡುವ ಮನಸ್ಸಿರುವ ನಮ್ಮ ಕಡೆಯವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ವಿಮಾನ ಓಡಿಸುವುದಿಲ್ಲ. ಕಾಕ್‌ಪಿಟ್ ಇಲ್ಲ, ಮೋಡ ಇಲ್ಲ. ಇರುವುದೆಲ್ಲ ಅಂಕಿ, ಪಟ್ಟಿ, ವೇಳಾಪಟ್ಟಿ. ಯಾವ ಊರಿಂದ ಶುರು ಮಾಡಬೇಕು, ಯಾವ ವಿಮಾನ ಬಾಡಿಗೆಗೆ ತರಬೇಕು, ಒಳಗೆ ಎಂಥ ಸೀಟು ಹಾಕಿಸಬೇಕು, ಟಿಕೆಟ್ ಎಷ್ಟಿಡಬೇಕು, ತಿಂಡಿ ಕೊಡಬೇಕಾ ಬೇಡವಾ, ಪೈಲಟ್‌ಗೆ ಸಂಬಳ ಎಷ್ಟು, ಇದೆಲ್ಲ ನಮ್ಮ ತಲೆಗೆ. ಎದುರಿಗಿರುವ ಕಂಪನಿಗಳನ್ನು ನಡೆಸುವವರೂ ನಮ್ಮ ಹಾಗೇ ಮನುಷ್ಯರು. ಆಟದ ಗಡಿಯಾರ ನಮ್ಮ ಗೋಡೆ ಗಡಿಯಾರದ ಹಾಗೇ ಓಡುತ್ತದೆ. ದೆಹಲಿಗೆ ಎರಡೂವರೆ ಗಂಟೆಯ ಹಾರಾಟ ಅಂದರೆ ನೀವು ನಿಜವಾಗಿಯೂ ಎರಡೂವರೆ ಗಂಟೆ ಕಾಯಬೇಕು. ಟಿಕೆಟ್ ಬುಕಿಂಗ್ ಹಾರಾಟಕ್ಕೆ ಮೂರು ದಿನ ಮುಂಚೆ ಶುರುವಾಗುತ್ತದೆ. ಇವತ್ತು ಮಾಡಿದ ತಪ್ಪು ಗೊತ್ತಾಗುವುದೇ ಮೂರು ದಿನ ಬಿಟ್ಟು, ಅದರ ಲೆಕ್ಕ ಕೈಗೆ ಬರುವುದು ವಾರದ ಕೊನೆಗೆ.

ಈ ನಿಧಾನವೇ ನನಗೆ ತುಂಬಾ ಹಿಡಿಸಿತು. ಫೋನಿನಲ್ಲಿ ಸಿಗುವ ಇಂಥ ಆಟಗಳನ್ನೂ ಆಡಿದ್ದೇನೆ. ಅಲ್ಲಿ ದುಡ್ಡು ಕೂಡಿತು ಅಂದರೆ ದೊಡ್ಡ ವಿಮಾನ ತಗೋ, ಇನ್ನೂ ಕೂಡಿತು ಅಂದರೆ ಇನ್ನೂ ದೊಡ್ಡದು ತಗೋ, ಅಷ್ಟೇ. ಇಲ್ಲಿ ದೊಡ್ಡ ವಿಮಾನ ತಂದು ಮುಳುಗಿದವರೇ ಜಾಸ್ತಿ. ನಾನೂ ಹಾಗೇ ಶುರು ಮಾಡಿದವನು, ಅದನ್ನೇ ಮೊದಲು ಹೇಳುತ್ತೇನೆ.

ನನ್ನ ಕಂಪನಿಗೆ ಮನೆದೇವರ ಹೆಸರಿಟ್ಟೆ. ಊರು ಬೆಳಗಾವಿ, ಬೇರೆ ಯೋಚನೆಯೇ ಇರಲಿಲ್ಲ. ಮೊದಲ ವಿಮಾನ ಏರ್‌ಬಸ್ ಎ320, ಜೆಟ್ ವಿಮಾನ. ಅದಕ್ಕೊಂದು ಕಾರಣ ಇದೆ. ಹತ್ತರಗಿ ಹತ್ತಿರ ಏಕಸ್‌ನವರ ಕಾರ್ಖಾನೆಗಳಿವೆಯಲ್ಲ, ಅಲ್ಲಿ ಏರ್‌ಬಸ್‌ಗೆ ಬಿಡಿಭಾಗ ತಯಾರಾಗುತ್ತವೆ. ನನ್ನ ಜೊತೆ ಓದಿದ ಕೆಲವರು ಅಲ್ಲೇ ಕೆಲಸಕ್ಕಿದ್ದಾರೆ. ನಮ್ಮ ಜಿಲ್ಲೆಯ ಕೈ ಮುಟ್ಟಿದ ವಿಮಾನ ನಮ್ಮ ಊರಿಂದಲೇ ಹಾರಲಿ ಅನ್ನಿಸಿತು. ಎರಡು ಎ320 ಬಾಡಿಗೆಗೆ ತಂದೆ. 180 ಸೀಟು. ಬೆಳಗಾವಿಯಿಂದ ಮುಂಬೈಗೆ ದಿನಕ್ಕೆ ಎರಡು ಸಲ, ಬೆಂಗಳೂರಿಗೆ ಎರಡು ಸಲ. ಪಟ್ಟಿ ನೋಡಿ ನನಗೇ ಖುಷಿ.

ಈ ಆಟದಲ್ಲಿ ಪ್ರತಿ ವಿಮಾನ ನಿಲ್ದಾಣಕ್ಕೂ ಪ್ರಯಾಣಿಕರ ಬೇಡಿಕೆ ತೋರಿಸುವ ಗೆರೆಗಳಿವೆ, ಹತ್ತರವರೆಗೆ. ಮುಂಬೈ, ದೆಹಲಿಯಂಥ ಊರಿಗೆ ಗೆರೆ ತುಂಬಿರುತ್ತದೆ. ನಮ್ಮಂಥ ಊರಿಗೆ ಬುಡದಲ್ಲಿ ಸ್ವಲ್ಪ. ನಾನು ಅದನ್ನು ನೋಡಿದ್ದೆ, ಆದರೆ ಲೆಕ್ಕಕ್ಕೆ ತಗೊಳ್ಳಲಿಲ್ಲ. ಮೊದಲ ವಾರ ಮುಂಬೈ ವಿಮಾನದಲ್ಲಿ 180 ಸೀಟಿಗೆ ಅರವತ್ತು ಚಿಲ್ಲರೆ ಜನ. ಟಿಕೆಟ್ ಇಳಿಸಿದೆ, ಎಪ್ಪತ್ತಾಯಿತು. ಇನ್ನೂ ಇಳಿಸಿದೆ, ಎಪ್ಪತ್ತೈದು. ಬಾಡಿಗೆ ಮಾತ್ರ ವಾರ ವಾರ ತಪ್ಪದೆ ಕಡಿತ ಆಗುತ್ತಿತ್ತು.

ಆ ದಿನಗಳಲ್ಲೇ ನಮ್ಮ ಕಾಕಾ ಮನೆಗೆ ಬಂದಿದ್ದರು. ಅವರದು ಕ್ರೂಸರ್ ಗಾಡಿ, ಇಪ್ಪತ್ತು ವರ್ಷದಿಂದ ಸವದತ್ತಿ, ಗೋಕಾಕ, ಯರಗಟ್ಟಿ ಅಂತ ಬಾಡಿಗೆ ಹೊಡೆಯುತ್ತಾರೆ. ನಾನು ಲ್ಯಾಪ್‌ಟಾಪ್ ಮುಂದೆ ಕೂತಿದ್ದೆ. ಪಕ್ಕದಲ್ಲಿ ಬಂದು ಕೂತು ಇದೇನು ಅಂತ ಕೇಳಿದರು, ಹೇಳಿದೆ. ಸ್ವಲ್ಪ ಹೊತ್ತು ಸುಮ್ನೆ ನೋಡಿ, "ಅಲ್ಲಲೇ ತಮ್ಮಾ, ಗಾಡಿ ಇಷ್ಟ್ ದೊಡ್ಡದ ತಂದಿ, ಮಂದಿ ಎಲ್ಲಿ?" ಅಂದರು. ಹಬ್ಬದ ಸಮಯಕ್ಕೆ ತುಂಬುತ್ತದೆ ಕಾಕಾ ಅಂದೆ. "ಎಲ್ಲಮ್ಮನ ಜಾತ್ರಿಗೆ ತುಂಬತೈತಿ ಅಂತ ನಾ ಬಸ್ ತಗೊಂಡ್ರ, ಉಳಿದ ದಿನ ಡೀಸೆಲ್ ಯಾರ್ ಹಾಕ್ತಾರ?" ಅಂದರು. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಅವರು ಬೇರೆಯವರ ಹತ್ತಿರ ಇನ್ನೆರಡು ಗಾಡಿ ಬಾಡಿಗೆಗೆ ತರುತ್ತಾರೆ. ಜಾತ್ರೆ ಮುಗಿದ ಮರುದಿನ ವಾಪಸ್ ಕೊಡುತ್ತಾರೆ. ಇದನ್ನು ನಾನು ಹುಟ್ಟಿದಾಗಿನಿಂದ ನೋಡುತ್ತಿದ್ದೇನೆ. ಆಟದಲ್ಲಿ ಮಾತ್ರ ತಲೆಗೆ ಹೋಗಿರಲಿಲ್ಲ.

ಎ320 ಎರಡನ್ನೂ ವಾಪಸ್ ಕೊಟ್ಟೆ. ಮೂರು ಎಟಿಆರ್ 72 ತಂದೆ, 70 ಸೀಟಿನ ಲೆಕ್ಕದಲ್ಲಿ. ಬೆಳಗಾವಿಯಿಂದ ಮುಂಬೈ, ಬೆಂಗಳೂರು, ಹೈದರಾಬಾದ್ ಮೂರೂ ವಿಮಾನದ ದಾರಿಯಲ್ಲಿ 400ರಿಂದ 450 ಕಿಲೋಮೀಟರ್ ಒಳಗೇ. ಇಷ್ಟು ಹತ್ತಿರಕ್ಕೆ ಜೆಟ್‌ನ ವೇಗದಿಂದ ಉಳಿಯುವುದು ಹದಿನೈದು ಇಪ್ಪತ್ತು ನಿಮಿಷ, ಸುಡುವ ಇಂಧನ ಮಾತ್ರ ಎಷ್ಟೋ ಪಟ್ಟು. ಎಟಿಆರ್ ಪಂಖಾದ ವಿಮಾನ, ನಿಧಾನ, ಆದರೆ ಚಿಕ್ಕ ದಾರಿಗೆ ಅದಕ್ಕಿಂತ ಮಿತವ್ಯಯದ್ದು ಸಿಗುವುದು ಕಷ್ಟ. ಎರಡನೇ ವಾರದಲ್ಲಿ ಲೆಕ್ಕ ಹಸಿರಿಗೆ ಬಂತು.

ಇಲ್ಲೊಂದು ಮಾತು. ನಿಜವಾದ ಸಾಂಬ್ರಾದಲ್ಲೂ ಇದೇ ಕಥೆ ನಡೆದಿದೆ, ಅದಕ್ಕೇ ನನಗೆ ಈ ಆಟ ಇಷ್ಟು ಹತ್ತಿರ ಅನ್ನಿಸುವುದು. 1942ರಲ್ಲಿ ಬ್ರಿಟಿಷರ ವಾಯುಪಡೆ ಕಟ್ಟಿದ ನಿಲ್ದಾಣ ಇದು. ರನ್‌ವೇಯನ್ನು 2,300 ಮೀಟರ್‌ಗೆ ಉದ್ದ ಮಾಡಿದರು, 2017ರಲ್ಲಿ ಹೊಸ ಟರ್ಮಿನಲ್ ಬಂತು, ಇನ್ನೇನು ಅನ್ನುವಷ್ಟರಲ್ಲಿ ಹುಬ್ಬಳ್ಳಿಯ ನಿಲ್ದಾಣ ದೊಡ್ಡದಾಯಿತು. 2018ರಲ್ಲಿ ಇಲ್ಲಿನ ಹೆಚ್ಚಿನ ವಿಮಾನಗಳು ಅತ್ತ ಹೋದವು. ಹೊಸ ಟರ್ಮಿನಲ್ ಹೆಚ್ಚುಕಡಿಮೆ ಖಾಲಿ. ಊರಲ್ಲಿ ಎಲ್ಲರಿಗೂ ಬೇಜಾರು. ಮರುವರ್ಷ, ಚಿಕ್ಕ ಊರುಗಳಿಗೂ ವಿಮಾನ ತರುವ ಕೇಂದ್ರ ಸರ್ಕಾರದ ಉಡಾನ್ ಯೋಜನೆಯ ಮೂರನೇ ಸುತ್ತಿನಲ್ಲಿ ಬೆಳಗಾವಿ ಹೆಸರು ಬಂದ ಮೇಲೆ ಮತ್ತೆ ಕಳೆ ಬಂತು. ಆಗ ಬಂದ ವಿಮಾನಗಳು ಎಂಥವು ನೋಡಿ: ಸ್ಟಾರ್ ಏರ್‌ನವರ 50 ಸೀಟಿನ ಎಂಬ್ರೇರ್ 145, ಇಂಡಿಗೋದ 78 ಸೀಟಿನ ಎಟಿಆರ್. ಊರಿನ ಅಳತೆಗೆ ತಕ್ಕ ವಿಮಾನ. ಜನ ಬರುತ್ತಾರೆ ಅಂತ ಗೊತ್ತಾದ ಮೇಲೆ 2023ರಲ್ಲಿ ಸ್ಟಾರ್ ಏರ್ 76 ಸೀಟಿನ ಎಂಬ್ರೇರ್ 175 ತಂದಿತು, ಅದೇ ವರ್ಷ ಇಂಡಿಗೋ ದೆಹಲಿಗೆ ನೇರ ವಿಮಾನ ಶುರು ಮಾಡಿತು. ನಾನು ಆಟದಲ್ಲಿ ತಿರುಗಾಮುರುಗಾ ಮಾಡಿದ್ದನ್ನು ಅವರು ಸರಿಯಾದ ಕ್ರಮದಲ್ಲಿ ಮಾಡಿದ್ದರು.

ಎಟಿಆರ್ ಹಿಡಿದ ಮೇಲೆ ಎಲ್ಲಾ ಸರಿ ಹೋಯಿತು ಅಂದುಕೊಂಡೆ. ಆರಕ್ಕೇರಿಸಿದೆ. ಪುಣೆ, ಗೋವಾ, ಚೆನ್ನೈ ಸೇರಿಸಿದೆ. ಆಮೇಲೆ ಮುಂಬೈನಲ್ಲಿ ಗೋಡೆ ಅಡ್ಡ ಬಂತು.

ಅದೇನು ಅಂದರೆ ಸ್ಲಾಟ್. ಪ್ರತಿ ನಿಲ್ದಾಣದಲ್ಲೂ ಇಷ್ಟು ನಿಮಿಷಕ್ಕೆ ಇಷ್ಟೇ ವಿಮಾನ ಇಳಿಯಬೇಕು, ಏರಬೇಕು ಅಂತ ಮಿತಿ ಇದೆ. ಮುಂಬೈ ನಿಜದಲ್ಲೂ ಹಾಗೇ, ಎರಡು ರನ್‌ವೇ ಒಂದನ್ನೊಂದು ಅಡ್ಡ ಹಾಯುತ್ತವೆ, ಹಾಗಾಗಿ ಒಂದು ಸಲಕ್ಕೆ ಒಂದೇ ಬಳಕೆಗೆ ಸಿಗುತ್ತದೆ. ಈ ಆಟ ಬೇರೆ ಬೇರೆ ಲೋಕಗಳಲ್ಲಿ, ಅಂದರೆ ಸರ್ವರ್‌ಗಳಲ್ಲಿ ನಡೆಯುತ್ತದೆ; ನಾನಿದ್ದ ಲೋಕದಲ್ಲಿ ಆಡುವವರು ಹೆಚ್ಚಿದಂತೆ ಮುಂಬೈನ ಬೆಳಗಿನ ಸ್ಲಾಟ್ ಎಲ್ಲಾ ಮುಗಿದುಹೋದವು. ನನ್ನ ಕೈಯಲ್ಲಿ ನಾಲ್ಕಿದ್ದವು, ಹೊಸದು ಸಿಗುತ್ತಿರಲಿಲ್ಲ. ಅಲ್ಲಿಯವರೆಗೆ ಸೀಟು ಖಾಲಿ ಹೋಗುತ್ತದೆ ಅನ್ನುವುದೊಂದೇ ಚಿಂತೆ ಇತ್ತು. ಈಗ ಚಿಂತೆಯೇ ಬೇರೆ. ಸ್ಲಾಟ್ ಒಂದಕ್ಕೆ 70 ಜನರನ್ನು ಇಳಿಸುವ ನಾನು, ಅದೇ ಹೊತ್ತಿಗೆ 180 ಜನರನ್ನು ಇಳಿಸುವ ಎದುರಾಳಿ. ಎಟಿಆರ್ ಕೆಟ್ಟದ್ದಾಗಿರಲಿಲ್ಲ. ವಿಮಾನ ಅದೇ, ದಾರಿ ಅದೇ, ದೂರ ಅದೇ. ಸುತ್ತಲಿನ ಪರಿಸ್ಥಿತಿ ಬದಲಾಗಿತ್ತು, ಅಷ್ಟೇ.

ಒಂದು ರಾತ್ರಿ ಮಾತ್ರ ಚೆನ್ನಾಗಿ ನೆನಪಿದೆ. ಹನ್ನೆರಡೂವರೆ ಇರಬೇಕು. ಚಹಾ ಮಾಡಿಕೊಂಡು ಬಂದು ಕೂತೆ. ಪರದೆ ಮೇಲೆ ಆರು ಎಟಿಆರ್‌ಗಳ ಆರು ಸಾಲು, ಸಾಲಿನಲ್ಲಿ ಚಿಕ್ಕ ಚಿಕ್ಕ ಪಟ್ಟಿಗಳು, ಒಂದೊಂದು ಪಟ್ಟಿ ಒಂದೊಂದು ಹಾರಾಟ. ಮುಂಬೈ ಪಟ್ಟಿಗಳ ಮೇಲೆ ಒತ್ತಿ ನೋಡಿದರೆ ಎಲ್ಲಾ ತುಂಬಿವೆ, ನೂರಕ್ಕೆ ನೂರು. ಟಿಕೆಟ್ ದರ ಏರಿಸಿದೆ, ಮೂರು ದಿನ ಬಿಟ್ಟು ನೋಡಿದರೆ ಆಗಲೂ ತುಂಬಿವೆ. ಇದನ್ನು ನೋಡಿ ಮೊದಲು ಖುಷಿಪಟ್ಟವನು, ಆಮೇಲೆ ತಲೆ ಕೆರೆದುಕೊಂಡೆ. ದಿನಾ ತುಂಬುತ್ತಿದೆ ಅಂದರೆ ಎಷ್ಟೋ ಜನ ಸೀಟು ಸಿಗದೆ ಬೇರೆಯವರ ವಿಮಾನ ಹತ್ತುತ್ತಿದ್ದಾರೆ ಅಂತ ತಾನೆ? ಪಕ್ಕದ ಸಾಲಿನಲ್ಲಿ ಗೋವಾ ಪಟ್ಟಿ, ಅಲ್ಲಿ 22 ಜನ. ನಮ್ಮ ಊರಿಂದ ಗೋವಾಕ್ಕೆ ಚೋರ್ಲಾ ಘಾಟ್ ಇಳಿದರೆ ಕಾರಿನಲ್ಲೇ ಮೂರು ಗಂಟೆಗೆ ಹೋಗುತ್ತೇವೆ, ವಿಮಾನ ಯಾರಿಗೆ ಬೇಕು? ಅವತ್ತೇ ರಾತ್ರಿ ಗೋವಾ ತೆಗೆದೆ.

ಮುಂಬೈಗೆ ಏನು ಮಾಡುವುದು ಅಂತ ನಾಲ್ಕು ದಿನ ಯೋಚಿಸಿದೆ. ಎ320 ಮತ್ತೆ ತರಬೇಕಾ? ಒಂದು ಸಲ ಸುಟ್ಟುಕೊಂಡಿದ್ದೆ. ಆದರೆ ಅವತ್ತಿನ ಬೆಳಗಾವಿ ಬೇರೆ, ಇವತ್ತಿನದು ಬೇರೆ. ಅವತ್ತು ನನ್ನ ವಿಮಾನದಲ್ಲಿ ಬೆಳಗಾವಿಯವರಷ್ಟೇ ಕೂರುತ್ತಿದ್ದರು. ಈಗ ಹೈದರಾಬಾದ್‌ನಿಂದ, ಚೆನ್ನೈನಿಂದ ಬಂದವರು ನಮ್ಮಲ್ಲಿ ಇಳಿದು ಮುಂಬೈ ವಿಮಾನ ಹತ್ತುತ್ತಿದ್ದರು. ಇದು ಈ ಆಟದ ತುಂಬಾ ಒಳ್ಳೆಯ ಭಾಗ. ಪ್ರಯಾಣಿಕ ಟಿಕೆಟ್ ಹುಡುಕುವಾಗ ಆಟ ಎಲ್ಲಾ ಕಂಪನಿಗಳ ದಾರಿಗಳನ್ನೂ ಅಳೆದು ಅಂಕ ಕೊಡುತ್ತದೆ. ದರ ಎಷ್ಟು, ಸೀಟು ಹೇಗಿದೆ, ಒಳಗೆ ಏನು ಕೊಡುತ್ತಾರೆ, ಒಟ್ಟು ಎಷ್ಟು ಹೊತ್ತು ಹಿಡಿಯುತ್ತದೆ ಎಲ್ಲಾ ಲೆಕ್ಕಕ್ಕೆ ಬರುತ್ತದೆ. ಅಂಕ ಜಾಸ್ತಿ ಇದ್ದವರ ವಿಮಾನ ಮೊದಲು ತುಂಬುತ್ತದೆ. ಹಾಗಾಗಿ ನಾಲ್ಕಾರು ವಿಮಾನ ಒಂದೇ ಹೊತ್ತಿಗೆ ಬಂದಿಳಿದು, ಮುಕ್ಕಾಲು ಗಂಟೆಯಲ್ಲಿ ಮತ್ತೆ ನಾಲ್ಕಾರು ವಿಮಾನ ಹೊರಡುವ ಹಾಗೆ ವೇಳಾಪಟ್ಟಿ ಹೆಣೆದರೆ ಜನ ಬದಲಾಯಿಸಿಕೊಂಡು ಮುಂದಕ್ಕೆ ಹೋಗುತ್ತಾರೆ. ಕೇಂದ್ರ ಬಸ್ ನಿಲ್ದಾಣದಲ್ಲಿ ಚಿಕ್ಕೋಡಿ, ಅಥಣಿ, ಖಾನಾಪುರದ ಬಸ್‌ಗಳು ಬೆಳಿಗ್ಗೆ ಬಂದು ಇಳಿಸಿದ ಮೇಲೆ ದೂರದ ಬಸ್‌ಗಳು ಹೊರಡುತ್ತವಲ್ಲ, ಹಾಗೆ.

ಕೊನೆಗೆ ಹೀಗೆ ಮಾಡಿದೆ. ಮುಂಬೈನ ನಾಲ್ಕು ಸ್ಲಾಟ್‌ಗೆ ಒಂದೇ ಒಂದು ಎ320. ಅದೇ ವಿಮಾನ ರಾತ್ರಿ ದೆಹಲಿಗೆ, ಸುಮಾರು 1,400 ಕಿಲೋಮೀಟರ್, ಅಲ್ಲಿ ಜೆಟ್‌ನ ವೇಗಕ್ಕೆ ಬೆಲೆ ಇದೆ. ಮುಂಬೈನಿಂದ ಬಿಡುಗಡೆಯಾದ ಎಟಿಆರ್‌ಗಳನ್ನು ಹೈದರಾಬಾದ್, ಬೆಂಗಳೂರಿಗೆ ದಿನಕ್ಕೆ ಮೂರು ಸಲ ಹಾಕಿದೆ, ಬದಲಾಯಿಸಿಕೊಳ್ಳುವವರನ್ನು ತಂದು ಕೊಡಲಿ ಅಂತ. ಎರಡು ಎಟಿಆರ್ ಜಾಸ್ತಿಯಾದವು, ವಾಪಸ್ ಕೊಟ್ಟೆ. ಕೊಡುವಾಗ ನಿಜವಾಗಿ ಬೇಜಾರಾಯಿತು. ಕಂಪನಿಯನ್ನು ಉಳಿಸಿದ ವಿಮಾನಗಳವು. ಆದರೆ ಕೆಲಸ ಇಲ್ಲದ ವಿಮಾನಕ್ಕೆ ಬಾಡಿಗೆ ಕಟ್ಟುತ್ತಾ ಕೂರಲಾಗುವುದಿಲ್ಲ.

ಆಡುವವರಿಗೆ ನಾನು ಒತ್ತಿ ಹೇಳುವುದು ಇದನ್ನೇ. "ಯಾವ ವಿಮಾನ ಒಳ್ಳೇದು" ಅಂತ ಹೊಸಬರು ಕೇಳುತ್ತಾರೆ, ನಾನೂ ಕೇಳಿದ್ದೆ. ಅದಕ್ಕೆ ಉತ್ತರ ಇಲ್ಲ. ನಿಮ್ಮ ಊರಿನ ಗೆರೆ ಎಷ್ಟಿದೆ, ದೂರ ಎಷ್ಟು, ರನ್‌ವೇ ಎಷ್ಟುದ್ದ, ಸ್ಲಾಟ್ ಇದೆಯಾ, ರಾತ್ರಿ ಇಳಿಯಲು ಬಿಡುತ್ತಾರಾ, ಎದುರಿಗೆ ಯಾರಿದ್ದಾರೆ, ಇಷ್ಟು ನೋಡಿದರೆ ವಿಮಾನ ತಾನಾಗೇ ಗೊತ್ತಾಗುತ್ತದೆ. ಮತ್ತೆ ಮೂರು ತಿಂಗಳು ಬಿಟ್ಟು ಇದನ್ನೇ ಇನ್ನೊಮ್ಮೆ ನೋಡಬೇಕು. ಬಾಡಿಗೆಗೆ ತರುವುದರ ಲಾಭ ಇಲ್ಲೇ ಇದೆ. ವಾರದ ಲೆಕ್ಕದಲ್ಲಿ ದುಬಾರಿ ಅನ್ನಿಸುತ್ತದೆ ನಿಜ, ಆದರೆ ಕಾಲ ಬದಲಾದಾಗ ಕೈಬಿಡಬಹುದು. ದುಡ್ಡು ಕೂಡಿದೆ ಅಂತ ಶುರುವಿನಲ್ಲೇ ಖರೀದಿಗೆ ಇಳಿಯಬೇಡಿ.

ಹಾಗಂತ ಬೇಕಾದ ಜಾತಿಯ ವಿಮಾನವನ್ನೆಲ್ಲ ಒಟ್ಟುಗೂಡಿಸುವುದೂ ತಪ್ಪು. ಎಟಿಆರ್ ಪೈಲಟ್ ಎ320 ಓಡಿಸುವ ಹಾಗಿಲ್ಲ. ಜಾತಿ ಬೇರೆಯಾದರೆ ಪೈಲಟ್ ಬೇರೆ, ತರಬೇತಿ ಬೇರೆ. ಒಂದು ವಿಮಾನ ರಿಪೇರಿಗೆ ನಿಂತರೆ ಅದರ ಜಾಗಕ್ಕೆ ಇನ್ನೊಂದು ಹಾಕಬೇಕಲ್ಲ, ಜಾತಿ ಬೇರೆಯಿದ್ದರೆ ಆಗುವುದಿಲ್ಲ. ನಾನು ನಡುವೆ ಒಂದು ಎಂಬ್ರೇರ್ ತಂದು ಎರಡೇ ವಾರಕ್ಕೆ ಬಿಟ್ಟೆ. ವಿಮಾನ ಚೆನ್ನಾಗಿತ್ತು, ಒಂದೇ ಒಂದು ಇಟ್ಟುಕೊಂಡರೆ ಲೆಕ್ಕ ಕೂಡುವುದಿಲ್ಲ. ನಮ್ಮಷ್ಟು ಚಿಕ್ಕ ಕಂಪನಿಗೆ ಎರಡು ಜಾತಿ ಸಾಕು.

ಇಂಡಿಗೋ 2006ರಲ್ಲಿ ಶುರುವಾದಾಗ ಎ320 ಒಂದನ್ನೇ ಹಿಡಿದುಕೊಂಡಿತ್ತು, ಹತ್ತು ವರ್ಷಕ್ಕೂ ಜಾಸ್ತಿ. ಚಿಕ್ಕ ಊರುಗಳಿಗೆ ಹೋಗಬೇಕು ಅಂತ ತೀರ್ಮಾನಿಸಿದ ಮೇಲೆ 2017ರಲ್ಲಿ ಎಟಿಆರ್ ತಂದಿತು. ಏರ್ ಡೆಕ್ಕನ್ ನಡೆದದ್ದು ಇದರ ತದ್ವಿರುದ್ಧ ದಾರಿ. ಅದನ್ನು ಕಟ್ಟಿದ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಬೆಂಗಳೂರು–ಹುಬ್ಬಳ್ಳಿ ನಡುವೆ ಎಟಿಆರ್ ಹಾರಿಸಿ ಶುರು ಮಾಡಿ, ಆಮೇಲೆ ಎ320ಗೆ ಹೋದರು. ಎರಡೂ ಕಂಪನಿ ಬೇರೆ ಬೇರೆ ದಾರಿಯಲ್ಲಿ ಬಂದರೂ ಈ ಎರಡೂ ಜಾತಿಯ ವಿಮಾನ ಹಾರಿಸಿದ್ದು ನೋಡಿ ನನಗೆ ಧೈರ್ಯ ಬಂತು. ಹಾಗೇ ಒಂದೇ ಜಾತಿಯನ್ನು ಜಾಸ್ತಿ ನೆಚ್ಚಿಕೊಂಡರೆ ಏನಾಗಬಹುದು ಅನ್ನುವುದಕ್ಕೂ ಉದಾಹರಣೆ ಇದೆ. 2023ರಲ್ಲಿ ಪ್ರ್ಯಾಟ್ ಅಂಡ್ ವಿಟ್ನಿ ಎಂಜಿನ್‌ಗಳ ಲೋಹದ ಪುಡಿಯಲ್ಲಿ ದೋಷ ಅಂತ ಗೊತ್ತಾಗಿ, ತಪಾಸಣೆಗೆ ಅಂತ ಇಂಡಿಗೋದ 70ಕ್ಕೂ ಜಾಸ್ತಿ ವಿಮಾನಗಳು ನೆಲಕ್ಕೆ ನಿಂತವು. ಹೊರಗಿನಿಂದ ಬಾಡಿಗೆ ವಿಮಾನ ತಂದು ವೇಳಾಪಟ್ಟಿ ಉಳಿಸಿಕೊಂಡರು. ಆಟದಲ್ಲಿ ನನಗೆ ಇಂಥದ್ದು ಎದುರಾಗಿಲ್ಲ. ಬಂದರೆ ಇನ್ನೂ ಚೆನ್ನಾಗಿರುತ್ತಿತ್ತು ಅನ್ನುವುದು ನನ್ನ ಆಸೆ.

ರಿಪೇರಿಯ ಮಾತು ಬಂತಲ್ಲ, ಅದನ್ನೂ ಹೇಳುತ್ತೇನೆ. ವಿಮಾನ ಜಾಸ್ತಿ ಹೊತ್ತು ಹಾರಿಸಿದಷ್ಟೂ ದುಡ್ಡು ಅಂತ ಹೊಸಬರು ಇಪ್ಪತ್ತು ಗಂಟೆ ವೇಳಾಪಟ್ಟಿ ತುಂಬುತ್ತಾರೆ. ಆಟ ಪ್ರತಿ ವಿಮಾನಕ್ಕೂ ನಿರ್ವಹಣೆಯ ಶೇಕಡಾ ತೋರಿಸುತ್ತದೆ. ಅದು 100ಕ್ಕಿಂತ ಕೆಳಗೆ ಇಳಿಯದ ಹಾಗೆ ನೆಲದ ಮೇಲೆ ಸಮಯ ಬಿಡಬೇಕು. ಹಳೇ ವಿಮಾನಕ್ಕೆ ಇದು ಇನ್ನೂ ಮುಖ್ಯ. ನಾನು ರಾತ್ರಿ ಹನ್ನೊಂದರಿಂದ ಬೆಳಿಗ್ಗೆ ಐದೂವರೆವರೆಗೆ ಎಟಿಆರ್‌ಗಳನ್ನು ಬೆಳಗಾವಿಯಲ್ಲೇ ನಿಲ್ಲಿಸುತ್ತೇನೆ.

ಇನ್ನು ಯಾರಿಗೆ ಹಿಡಿಸುವುದಿಲ್ಲ ಅನ್ನುವುದು. ಪರದೆ ನೋಡಲು ಆಫೀಸಿನ ಲೆಕ್ಕಪತ್ರದ ಸಾಫ್ಟ್‌ವೇರ್ ಥರ ಇದೆ. ಚಿತ್ರ, ಸಂಗೀತ ಬೇಕು ಅನ್ನುವವರಿಗೆ ಅಲ್ಲ. ಕನ್ನಡದಲ್ಲಿ ಇಲ್ಲ, ಇಂಗ್ಲಿಷ್ ಓದಲು ಬರಬೇಕು, ಓದುವುದೂ ಜಾಸ್ತಿ ಇದೆ. ಮೊದಲ ವಾರ ಯಾವ ಗುಂಡಿ ಎಲ್ಲಿ ಅಂತ ಹುಡುಕುವುದರಲ್ಲೇ ಹೋಗುತ್ತದೆ. ಶುರುವಿಗೆ ಸ್ವಲ್ಪ ದಿನ ಉಚಿತ, ಆಮೇಲೆ ಕ್ರೆಡಿಟ್ ಕೊಂಡು ಆಡಬೇಕು. ನನಗೆ ಆ ದುಡ್ಡು ಕೊಟ್ಟದ್ದಕ್ಕೆ ಬೇಸರ ಇಲ್ಲ, ಜಾಹೀರಾತಿನ ಕಾಟ ಇಲ್ಲದೆ ನೆಮ್ಮದಿಯಾಗಿ ಆಡಬಹುದು. ಆದರೆ ಉಚಿತ ದಿನಗಳಲ್ಲಿ ಪೂರ್ತಿ ಆಡಿ ನೋಡಿ, ಆಮೇಲೆ ಕೊಡಿ. ಹೊಸ ಲೋಕ ತೆರೆದಾಗಲೇ ಸೇರಿಕೊಂಡರೆ ಒಳ್ಳೇದು, ಸ್ಲಾಟ್‌ಗಳು ಇನ್ನೂ ಖಾಲಿ ಇರುತ್ತವೆ. ಹಳೇ ಲೋಕಕ್ಕೆ ತಡವಾಗಿ ಹೋದರೆ ದೊಡ್ಡ ಊರುಗಳಲ್ಲಿ ಕಾಲಿಡಲು ಜಾಗ ಇರುವುದಿಲ್ಲ, ಆಗ ನಮ್ಮಂಥ ಸಣ್ಣ ಊರೇ ಗತಿ. ಅದೂ ಒಂದು ಆಟವೇ, ನನಗಂತೂ ಅದೇ ಇಷ್ಟ.

ದಿನಕ್ಕೆ ಅರ್ಧ ಗಂಟೆ ಸಾಕು. ಕೆಲಸಕ್ಕೆ ಹೋಗುವವರಿಗೆ ಇದು ಅನುಕೂಲ. ಬೆಳಿಗ್ಗೆ ಒಮ್ಮೆ, ರಾತ್ರಿ ಊಟ ಆದ ಮೇಲೆ ಒಮ್ಮೆ ನೋಡಿದರೆ ಕಂಪನಿ ತನ್ನಷ್ಟಕ್ಕೆ ನಡೆಯುತ್ತದೆ. ನಾನು ಐದಕ್ಕೆ ನಾಲ್ಕೂವರೆ ಕೊಡುತ್ತೇನೆ.

ಈಗ ನನ್ನ ಹತ್ತಿರ ಎ320 ಎರಡು, ಎಟಿಆರ್ ಐದು. ಮೂರನೇ ಎ320ಗೆ ಮನಸ್ಸಿದೆ, ಆದರೆ ಬೆಂಗಳೂರಿನ ಬೆಳಗಿನ ವಿಮಾನದಲ್ಲಿ ಎರಡು ವಾರದಿಂದ ಸೀಟು ಖಾಲಿ ಉಳಿಯುತ್ತಿವೆ, ಯಾರೋ ಹುಬ್ಬಳ್ಳಿಯಿಂದ ಹೊಸದಾಗಿ ಹಾರಿಸುತ್ತಿದ್ದಾರೆ. ಅದು ಎಲ್ಲಿಗೆ ಹೋಗುತ್ತದೆ ನೋಡಿ ಆಮೇಲೆ ತೀರ್ಮಾನ. ಮೊದಲು ತಂದ ಮೂರು ಎಟಿಆರ್‌ಗಳಲ್ಲಿ ಒಂದನ್ನು ಇನ್ನೂ ಇಟ್ಟುಕೊಂಡಿದ್ದೇನೆ. ಬೆಳಗಾವಿ–ಹೈದರಾಬಾದ್, ಬೆಳಿಗ್ಗೆ 7.10. ನಿನ್ನೆ 70ರಲ್ಲಿ 64 ಸೀಟು ತುಂಬಿತ್ತು.